ದುಡಿಯುತ್ತ ಓದುವವರು: ಪದವಿಯ ದಾರಿ, ಹಣದ ದಾರಿ

ಸೂರತ್ ನಗರದ ದಕ್ಷಿಣಕ್ಕೆ, ನವಸಾರಿಯ ಹಾದಿಯಲ್ಲಿರುವ ಸಚಿನ್, 1948ರವರೆಗೆ ಸಿದ್ದಿ ನವಾಬರ ಚಿಕ್ಕದೊಂದು ಸಂಸ್ಥಾನವಾಗಿತ್ತು. ಇಂದು ಆ ಹೆಸರಿಗೆ ಗುಜರಾತ್ ಕೈಗಾರಿಕಾ ಅಭಿವೃದ್ಧಿ ನಿಗಮದ ವಿಸ್ತಾರವಾದ ವಸಾಹತೇ ಗುರುತು. ಬಟ್ಟೆಗೆ ಬಣ್ಣ ಹಾಕುವ ಗಿರಣಿಗಳು, ನೇಯ್ಗೆಯ ಶೆಡ್ಡುಗಳು, ರಾಸಾಯನಿಕ ಕಾರ್ಖಾನೆಗಳು ಹಗಲಿರುಳೆನ್ನದೆ ನಡೆಯುವ ಈ ಊರಿಗೆ ದೇಶದ ನಾನಾ ಮೂಲೆಗಳಿಂದ ಜನ ದುಡಿಮೆಯನ್ನರಸಿ ಬಂದಿದ್ದಾರೆ. ಅವರಲ್ಲಿ ಕನ್ನಡಿಗರೂ ಉಂಟು.

ಹೀಗೆ ಬಂದವರಲ್ಲಿ ಓದನ್ನು ನಡುದಾರಿಯಲ್ಲಿ ಬಿಟ್ಟವರ ಸಂಖ್ಯೆ ಕಡಿಮೆಯೇನಲ್ಲ. ಮನೆಯ ಹಿರಿಯ ಮಗನೆಂಬ ಹೊಣೆಯಿಂದ ಪಿ.ಯು.ಸಿ.ಗೇ ಓದು ನಿಲ್ಲಿಸಿ ಗಿರಣಿ ಸೇರಿದವರಿದ್ದಾರೆ. ಎರಡನೆಯ ವರ್ಷದ ಬಿ.ಎ.ಯಲ್ಲಿದ್ದಾಗ ಮದುವೆಯಾಗಿ, ಗಂಡನ ನೌಕರಿಯ ಜೊತೆಗೆ ಗುಜರಾತಿಗೆ ಬಂದ ಗೃಹಿಣಿಯರಿದ್ದಾರೆ. ಇಪ್ಪತ್ತು ವರ್ಷ ದುಡಿದು ಮೇಲ್ವಿಚಾರಕರಾಗಿದ್ದರೂ ಪದವಿ ಇಲ್ಲವೆಂಬ ಒಂದೇ ಕಾರಣದಿಂದ ಬಡ್ತಿ ತಪ್ಪಿದವರಿದ್ದಾರೆ. ಶಾಲೆಯಿಂದ ನೇರವಾಗಿ ಕಾಲೇಜಿಗೆ ಹೋಗದೆ, ವಯಸ್ಸು ಮೀರಿದ ಮೇಲೆ, ಸಂಸಾರ ಮತ್ತು ದುಡಿಮೆಗಳ ನಡುವೆ ಓದಲು ಬಯಸುವ ಇಂಥವರನ್ನು ಶಿಕ್ಷಣತಜ್ಞರು ಸಾಂಪ್ರದಾಯಿಕರಲ್ಲದ ವಿದ್ಯಾರ್ಥಿಗಳೆಂದು ಕರೆಯುತ್ತಾರೆ. ಇವರಿಗೆ ತೆರೆದಿರುವ ಬಾಗಿಲುಗಳಾವುವು, ಅದಕ್ಕೆ ಬೇಕಾದ ಹಣವನ್ನು ಹೊಂದಿಸುವ ಬಗೆ ಹೇಗೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಬಾಗಿಲು ತೆರೆದ ಬಗೆ

ತರಗತಿಗೆ ಬಾರದವರಿಗೂ ಪದವಿ ನೀಡಬಹುದೆಂಬ ವಿಚಾರ ಹೊಸದಲ್ಲ. ಲಂಡನ್ ವಿಶ್ವವಿದ್ಯಾನಿಲಯವು 1858ರಲ್ಲಿಯೇ ಬಾಹ್ಯ ವಿದ್ಯಾರ್ಥಿಗಳಿಗೆ ಪರೀಕ್ಷೆಯ ಅವಕಾಶ ನೀಡಿತು. ನಮ್ಮ ದೇಶದಲ್ಲಿ ದೆಹಲಿ ವಿಶ್ವವಿದ್ಯಾನಿಲಯವು 1962ರಲ್ಲಿ ಅಂಚೆ ಶಿಕ್ಷಣವನ್ನು ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅದೇ ಹಾದಿಯನ್ನು ಹಿಡಿಯಿತು. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದೂ ಅದೇ ವರ್ಷ. ಹೈದರಾಬಾದಿನಲ್ಲಿ 1982ರಲ್ಲಿ ಭಾರತದ ಮೊದಲ ಮುಕ್ತ ವಿಶ್ವವಿದ್ಯಾನಿಲಯ ಹುಟ್ಟಿತು. 1985ರಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ, ಅಂದರೆ ಇಗ್ನೋ, ಅಸ್ತಿತ್ವಕ್ಕೆ ಬಂದಿತು. ಗುಜರಾತ್ ಸರಕಾರವು 1994ರಲ್ಲಿ ಅಹಮದಾಬಾದಿನಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರ್ ಮುಕ್ತ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿತು. ಮೈಸೂರಿನ ಅಂಚೆ ಶಿಕ್ಷಣ ಸಂಸ್ಥೆಯೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು.

ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯನ್ನೇ ಮುಗಿಸದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯು ಮೊದಲ ಮೆಟ್ಟಿಲು. ಇಲ್ಲಿ ಗರಿಷ್ಠ ವಯೋಮಿತಿ ಇಲ್ಲ. ಒಮ್ಮೆ ನೋಂದಾಯಿಸಿದರೆ ಐದು ವರ್ಷ ಅವಧಿ ಇರುತ್ತದೆ. ಆ ಅವಧಿಯಲ್ಲಿ ಒಂಬತ್ತು ಬಾರಿ ಪರೀಕ್ಷೆಗೆ ಕೂಡಬಹುದು. ಎಲ್ಲ ವಿಷಯಗಳನ್ನು ಒಟ್ಟಿಗೆ ಬರೆಯಬೇಕೆಂಬ ಕಟ್ಟುಪಾಡಿಲ್ಲವಾದುದರಿಂದ, ಪಾಳಿಯಲ್ಲಿ ದುಡಿಯುವವನು ಒಂದೊಂದೇ ವಿಷಯವನ್ನು ಮುಗಿಸುತ್ತ ಹೋಗಬಹುದು. ಪದವಿಯ ಮಟ್ಟದಲ್ಲಿಯೂ ಇಗ್ನೋ ಮೂರು ವರ್ಷದ ಪದವಿಯನ್ನು ಆರು ವರ್ಷಗಳವರೆಗೆ ಹಂಚಿಕೊಂಡು ಮುಗಿಸಲು ಅವಕಾಶ ನೀಡಿದೆ.

ಸಚಿನ್‌ನಲ್ಲಿರುವವರು ಯಾವುದನ್ನು ಆರಿಸಬೇಕು? ಅಂಬೇಡ್ಕರ್ ಮುಕ್ತ ವಿಶ್ವವಿದ್ಯಾನಿಲಯದ ಪಾಠಗಳು ಬಹುಮಟ್ಟಿಗೆ ಗುಜರಾತಿಯಲ್ಲಿವೆ. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ಅದು ಅನುಕೂಲವಾದೀತು. ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಓದಬಲ್ಲವರಿಗೆ ಇಗ್ನೋ ಸೂಕ್ತ. ಬೇರೆ ಊರಿಗೆ ವರ್ಗವಾದರೂ ಓದು ನಿಲ್ಲುವುದಿಲ್ಲ. ಕನ್ನಡದಲ್ಲಿಯೇ ಓದಬೇಕೆನ್ನುವವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯವಿದೆ. ಆದರೆ ಅದರ ಕಲಿಕಾ ಕೇಂದ್ರಗಳು ಕರ್ನಾಟಕದೊಳಗೇ ಇರುವುದರಿಂದ, ಸಂಪರ್ಕ ತರಗತಿಗೂ ಪರೀಕ್ಷೆಗೂ ಪ್ರಯಾಣ ಮಾಡಬೇಕಾದ ವೆಚ್ಚ ಮತ್ತು ರಜೆಗಳನ್ನು ಮೊದಲೇ ಲೆಕ್ಕ ಹಾಕಬೇಕು.

ಮಾನ್ಯತೆಯ ಪ್ರಶ್ನೆ

ಹಣ ಕಟ್ಟುವ ಮುನ್ನ ನೋಡಬೇಕಾದ ಮೊದಲ ಸಂಗತಿ ಮಾನ್ಯತೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ದೂರಶಿಕ್ಷಣ ವಿಭಾಗವು ಯಾವ ಸಂಸ್ಥೆ, ಯಾವ ವರ್ಷ, ಯಾವ ಪಠ್ಯಕ್ರಮವನ್ನು ನಡೆಸಬಹುದೆಂಬ ಪಟ್ಟಿಯನ್ನು ಪ್ರಕಟಿಸುತ್ತದೆ. ಆ ಪಟ್ಟಿಯಲ್ಲಿರುವ ಪದವಿಯು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು ಆಯೋಗವು 2022ರಲ್ಲಿ ಸ್ಪಷ್ಟಪಡಿಸಿದೆ. ಇಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಔಷಧಶಾಸ್ತ್ರ, ಕಾನೂನು ಮೊದಲಾದ ಪದವಿಗಳನ್ನು ದೂರಶಿಕ್ಷಣದಲ್ಲಿ ನೀಡುವಂತಿಲ್ಲ. ಮನೆಯಲ್ಲಿ ಕುಳಿತೇ ಇಂಜಿನಿಯರ್ ಆಗಬಹುದೆಂದು ಹೇಳಿ ಹಣ ಕೇಳುವವರನ್ನು ದೂರವಿಡುವುದು ಲೇಸು.

ಮಾನ್ಯತೆಯ ಮಹತ್ವವನ್ನು ಅರಿಯಲು ಕರ್ನಾಟಕದ ಉದಾಹರಣೆಯೇ ಸಾಕು. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2012-13ರ ನಂತರ ಮಾನ್ಯತೆ ಇಲ್ಲವೆಂದು ಆಯೋಗವು 2015ರಲ್ಲಿ ಪ್ರಕಟಿಸಿದಾಗ, ಸೇರಿದ್ದ ಅಸಂಖ್ಯ ವಿದ್ಯಾರ್ಥಿಗಳು ಕಂಗಾಲಾದರು. 2018-19ರಿಂದ ಮಾನ್ಯತೆ ಮರಳಿ ದೊರೆತು ವಿಶ್ವವಿದ್ಯಾನಿಲಯವು ಮತ್ತೆ ನೆಲೆಗೊಂಡಿತಾದರೂ, ನಡುವಣ ವರ್ಷಗಳು ವಿದ್ಯಾರ್ಥಿಗಳ ಪಾಲಿಗೆ ಭಾರವಾದವು. ಹೆಸರು ದೊಡ್ಡದೆಂಬ ಒಂದೇ ನಂಬಿಕೆ ಸಾಲದು. ಸೇರುವ ವರ್ಷದ ಪಟ್ಟಿಯನ್ನೇ ನೋಡಬೇಕು.

ವಿದ್ಯಾರ್ಥಿವೇತನ ಕೈತಪ್ಪುವುದೇಕೆ?

ಸರಕಾರಗಳು ವಿದ್ಯಾರ್ಥಿವೇತನಕ್ಕೆ ಸಾಕಷ್ಟು ಹಣ ತೆಗೆದಿರಿಸುತ್ತವೆ. ಆದರೂ ದುಡಿಯುತ್ತ ಓದುವವರಿಗೆ ಅದು ಸುಲಭವಾಗಿ ದಕ್ಕುವುದಿಲ್ಲ. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಓದುವ ಬಗೆ. ಬಹುಪಾಲು ಯೋಜನೆಗಳು ಶಾಲೆ ಮುಗಿಸಿ ನೇರವಾಗಿ ಕಾಲೇಜಿಗೆ ಬರುವ ಹದಿನೆಂಟರ ಹರೆಯದವರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡಿವೆ. ಕೇಂದ್ರ ಸರಕಾರವು ಕಾಲೇಜು ವಿದ್ಯಾರ್ಥಿಗಳಿಗೆ ನೀಡುವ ಕೇಂದ್ರ ವಲಯ ವಿದ್ಯಾರ್ಥಿವೇತನದಲ್ಲಿ ಪದವಿಯ ಹಂತದಲ್ಲಿ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಕುಟುಂಬದ ಆದಾಯ 4.5 ಲಕ್ಷ ರೂಪಾಯಿಯನ್ನು ಮೀರಿರಬಾರದು. ಆದರೆ ಅಂಚೆ ಮತ್ತು ದೂರಶಿಕ್ಷಣದವರಿಗೆ ಇದರಲ್ಲಿ ಸ್ಥಾನವಿಲ್ಲ. ಗುಜರಾತ್ ಸರಕಾರವು 2015ರಲ್ಲಿ ಆರಂಭಿಸಿದ ಮುಖ್ಯಮಂತ್ರಿ ಯುವ ಸ್ವಾವಲಂಬನ ಯೋಜನೆಯು ಬೋರ್ಡ್ ಪರೀಕ್ಷೆಯಲ್ಲಿ 80 ಪರ್ಸೆಂಟೈಲ್ ಪಡೆದ, ಆರು ಲಕ್ಷದವರೆಗಿನ ಆದಾಯದ ಕುಟುಂಬಗಳ ಮಕ್ಕಳಿಗೆ ಉಪಯುಕ್ತ. ಸಚಿನ್‌ನಲ್ಲಿ ಹನ್ನೆರಡನೆಯ ತರಗತಿ ಮುಗಿಸುವ ಮಕ್ಕಳ ತಂದೆತಾಯಿಗಳು ಇದನ್ನು ಮರೆಯಬಾರದು. ಆದರೆ ಹದಿನೈದು ವರ್ಷದ ಹಿಂದೆ ಶಾಲೆ ಬಿಟ್ಟ ತಂದೆಗೆ ಇದರಿಂದ ಪ್ರಯೋಜನವಿಲ್ಲ.

ಎರಡನೆಯ ಕಾರಣ ವಲಸೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಕುಟುಂಬಗಳು ಇದನ್ನು ವಿಶೇಷವಾಗಿ ತಿಳಿದಿರಬೇಕು. ಒಂದು ರಾಜ್ಯದಿಂದ ಇನ್ನೊಂದಕ್ಕೆ ವಲಸೆ ಬಂದವರು ತಮ್ಮ ಜಾತಿಯ ಮೇಲಿನ ಸೌಲಭ್ಯಗಳನ್ನು ತವರು ರಾಜ್ಯದಿಂದ ಪಡೆಯಬೇಕೇ ಹೊರತು ವಲಸೆ ಬಂದ ರಾಜ್ಯದಿಂದಲ್ಲವೆಂದು ಕೇಂದ್ರ ಗೃಹ ಸಚಿವಾಲಯವು 1985ರಲ್ಲಿ ತಿಳಿಸಿತು. ಮರ್ರಿ ಚಂದ್ರಶೇಖರ ರಾವ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1990ರಲ್ಲಿ ಇದೇ ನಿಲುವನ್ನು ಎತ್ತಿಹಿಡಿಯಿತು. ಎಷ್ಟೋ ಕುಟುಂಬಗಳು ಇಲ್ಲಿನ ಕಚೇರಿಗೆ ಅರ್ಜಿ ಹಾಕಿ, ಅದು ತಿರಸ್ಕೃತವಾದಾಗ ತಮಗೆ ಎಲ್ಲಿಯೂ ಹಕ್ಕಿಲ್ಲವೆಂದು ಭಾವಿಸಿ ಸುಮ್ಮನಾಗುವುದುಂಟು. ಹಕ್ಕು ಉಳಿದೇ ಇದೆ. ಅರ್ಜಿ ಹೋಗಬೇಕಾದ ವಿಳಾಸ ಮಾತ್ರ ಬೇರೆ.

ದೊರೆಯುವ ನೆರವು

ಹಾಗಾದರೆ ಉಳಿದಿರುವ ದಾರಿಗಳಾವುವು? ಮುಕ್ತ ವಿಶ್ವವಿದ್ಯಾನಿಲಯಗಳ ಶುಲ್ಕ ಕಡಿಮೆ ಇರುವುದೇ ಮೊದಲ ನೆರವು. ಕಲಾ ಮತ್ತು ವಾಣಿಜ್ಯ ಪದವಿಗಳ ವಾರ್ಷಿಕ ಶುಲ್ಕ ಕೆಲವೇ ಸಾವಿರ ರೂಪಾಯಿಗಳಲ್ಲಿ ಮುಗಿಯುತ್ತದೆ. ಇಗ್ನೋ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ನಿಗದಿತ ಪಠ್ಯಕ್ರಮಗಳಲ್ಲಿ ಶುಲ್ಕ ವಿನಾಯಿತಿಯನ್ನು ನೀಡುತ್ತ ಬಂದಿದೆ; ಆಯಾ ಅವಧಿಯ ಪ್ರಕಟಣೆಯನ್ನು ನೋಡಿ ಪ್ರವೇಶದ ಅರ್ಜಿಯಲ್ಲಿಯೇ ಇದನ್ನು ಕೇಳಿಕೊಳ್ಳಬೇಕು.

ಎರಡನೆಯದು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. ಪರಿಶಿಷ್ಟ ಜಾತಿಯವರಿಗೆ 1944ರಿಂದಲೂ ನಡೆದುಬಂದಿರುವ ಈ ಯೋಜನೆಯಲ್ಲಿ ಕುಟುಂಬದ ಆದಾಯದ ಮಿತಿ ವರ್ಷಕ್ಕೆ 2.5 ಲಕ್ಷ ರೂಪಾಯಿ. ದೂರಶಿಕ್ಷಣದ ವಿದ್ಯಾರ್ಥಿಗಳೂ ಇದರ ವ್ಯಾಪ್ತಿಗೆ ಬರುತ್ತಾರೆಂಬುದು ಗಮನಾರ್ಹ. ಕರ್ನಾಟಕದವರು ಅಲ್ಲಿನ ರಾಜ್ಯ ವಿದ್ಯಾರ್ಥಿವೇತನ ಜಾಲತಾಣದ ಮೂಲಕ ವಿಚಾರಿಸಬೇಕು. ತವರಿನ ತಹಶೀಲ್ದಾರರಿಂದ ಪಡೆದ ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಇವೆರಡೂ ಮುಂಚಿತವಾಗಿ ಸಿದ್ಧವಿರಬೇಕು. ರಜೆಯಲ್ಲಿ ಊರಿಗೆ ಹೋದಾಗ ಈ ಕೆಲಸವನ್ನು ಮುಗಿಸಿಕೊಂಡು ಬರುವುದು ಜಾಣತನ.

ಸಾಲ ಬೇಕೆ, ಬೇಡವೆ?

ವರ್ಷಕ್ಕೆ ಐದಾರು ಸಾವಿರ ರೂಪಾಯಿಯ ಶುಲ್ಕಕ್ಕೆ ಸಾಲ ಮಾಡುವುದು ಉಚಿತವಲ್ಲ. ತಿಂಗಳಿಗೆ 500 ರೂಪಾಯಿಯ ಆವರ್ತಕ ಠೇವಣಿ ತೆರೆದರೆ ವರ್ಷಕ್ಕೆ 6,000 ರೂಪಾಯಿ ಕೂಡುತ್ತದೆ, ಬಡ್ಡಿ ಬೇರೆ. ಓದು ಆರಂಭಿಸುವ ಒಂದು ವರ್ಷ ಮೊದಲೇ ಈ ಖಾತೆಯನ್ನು ತೆರೆದವನಿಗೆ ಶುಲ್ಕದ ದಿನ ಚಿಂತೆ ಇರುವುದಿಲ್ಲ. ಹನಿ ಹನಿ ಕೂಡಿದರೆ ಹಳ್ಳವೆಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಕೆಲಸ ಬಿಟ್ಟು ಪೂರ್ಣಕಾಲಿಕ ಪಠ್ಯಕ್ರಮಕ್ಕೆ ಸೇರುವವರಿಗೆ ಮಾತ್ರ ಶಿಕ್ಷಣ ಸಾಲದ ಅಗತ್ಯ ಬೀಳುತ್ತದೆ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ ವಿದ್ಯಾರ್ಥಿಯ ವಯಸ್ಸಿಗೆ ನಿರ್ದಿಷ್ಟ ಕಟ್ಟುಪಾಡಿಲ್ಲ. ವಿವಾಹಿತರಾದರೆ ಪತಿ ಅಥವಾ ಪತ್ನಿ, ಇಲ್ಲವೆ ಅತ್ತೆಮಾವಂದಿರು ಜಂಟಿ ಸಾಲಗಾರರಾಗಬಹುದು. ನಾಲ್ಕು ಲಕ್ಷ ರೂಪಾಯಿಯವರೆಗಿನ ಸಾಲಕ್ಕೆ ಆಸ್ತಿಯ ಅಡಮಾನವನ್ನು ಬ್ಯಾಂಕುಗಳು ಕೇಳುವಂತಿಲ್ಲ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟವು ಒಪ್ಪಿದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಉನ್ನತ ಸಂಸ್ಥೆಗಳಿಗೆ ಸೇರುವವರಿಗೆ ಅಡಮಾನವೂ ಜಾಮೀನೂ ಇಲ್ಲದೆ ಸಾಲ ದೊರೆಯುತ್ತದೆ. ಎಂಟು ಲಕ್ಷದವರೆಗಿನ ಆದಾಯದ ಕುಟುಂಬಗಳಿಗೆ ಹತ್ತು ಲಕ್ಷದವರೆಗಿನ ಸಾಲದ ಮೇಲೆ, ಮರುಪಾವತಿ ಆರಂಭವಾಗುವವರೆಗೆ, ಶೇಕಡಾ 3ರಷ್ಟು ಬಡ್ಡಿ ರಿಯಾಯಿತಿಯೂ ಉಂಟು.

ಸಾಲ ಪಡೆಯುವವರು ಅರಿಯಬೇಕಾದ ಮುಖ್ಯ ಸಂಗತಿ, ಓದುವ ಅವಧಿಯಲ್ಲಿಯೂ ಬಡ್ಡಿ ಬೆಳೆಯುತ್ತಿರುತ್ತದೆ ಎಂಬುದು. ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ಮೂರು ವರ್ಷದ ಓದಿಗೆ ಪ್ರತಿ ವರ್ಷದ ಆರಂಭದಲ್ಲಿ 40,000 ರೂಪಾಯಿಯಂತೆ ಒಟ್ಟು 1,20,000 ರೂಪಾಯಿ ಸಾಲ. ಬಡ್ಡಿ ಶೇಕಡಾ 10, ಸರಳ ಬಡ್ಡಿ. ಓದು ಮುಗಿದು ಒಂದು ವರ್ಷದ ನಂತರ ಕಂತು ಆರಂಭ. ಮೊದಲ ಕಂತಿನ ಹಣಕ್ಕೆ ನಾಲ್ಕು ವರ್ಷದ ಬಡ್ಡಿ 16,000, ಎರಡನೆಯದಕ್ಕೆ ಮೂರು ವರ್ಷದ್ದು 12,000, ಮೂರನೆಯದಕ್ಕೆ ಎರಡು ವರ್ಷದ್ದು 8,000. ಒಟ್ಟು 36,000 ರೂಪಾಯಿ. ಮರುಪಾವತಿ ಆರಂಭವಾಗುವ ದಿನ ತಲೆಯ ಮೇಲಿರುವ ಸಾಲ 1,56,000 ರೂಪಾಯಿ. ಮನೆಯಲ್ಲಿ ಇನ್ನೊಬ್ಬರ ದುಡಿಮೆ ಇದ್ದರೆ ಆಯಾ ತಿಂಗಳ ಬಡ್ಡಿಯನ್ನು ಆಗಲೇ ಕಟ್ಟಬಹುದು. ಮೊದಲ ವರ್ಷ ತಿಂಗಳಿಗೆ ಸುಮಾರು 333, ಎರಡನೆಯ ವರ್ಷ 667, ಆಮೇಲೆ 1,000 ರೂಪಾಯಿ ಕಟ್ಟಿದರೆ ಸಾಲವು 1,20,000ದಲ್ಲಿಯೇ ನಿಲ್ಲುತ್ತದೆ. ಕುಟುಂಬದ ಆದಾಯ 4.5 ಲಕ್ಷದೊಳಗಿದ್ದು, ಓದು ಅರ್ಹ ವೃತ್ತಿಪರ ಅಥವಾ ತಾಂತ್ರಿಕ ಪಠ್ಯಕ್ರಮವಾಗಿದ್ದರೆ, 2009ರಲ್ಲಿ ಆರಂಭವಾದ ಕೇಂದ್ರದ ಬಡ್ಡಿ ಸಹಾಯಧನ ಯೋಜನೆಯಲ್ಲಿ ಈ ಅವಧಿಯ ಬಡ್ಡಿಯನ್ನು ಸರಕಾರವೇ ಭರಿಸುತ್ತದೆ. ಸಾಲದ ಅರ್ಜಿಯ ಜೊತೆಗೇ ಆದಾಯದ ಪ್ರಮಾಣಪತ್ರವನ್ನು ಕೊಟ್ಟು ಈ ಬಗ್ಗೆ ಕೇಳುವುದು ಅವಶ್ಯ.

ಓದು ಮತ್ತು ಆರೋಗ್ಯ

ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬಂದವನು ನಿದ್ದೆಯನ್ನು ಕತ್ತರಿಸಿ ಓದಿದರೆ ಓದಿದ್ದು ನಿಲ್ಲುವುದಿಲ್ಲ. ಯಂತ್ರದ ಮುಂದೆ ತೂಕಡಿಕೆ ಬಂದರೆ ಪ್ರಾಣಕ್ಕೇ ಅಪಾಯ. ವಯಸ್ಕನಿಗೆ ದಿನಕ್ಕೆ ಏಳು ಗಂಟೆಯಾದರೂ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ. ಆದುದರಿಂದ ಮೂರು ವರ್ಷದ ಪದವಿಯನ್ನು ಐದು ವರ್ಷದಲ್ಲಿ ಮುಗಿಸುವ ಸಂಕಲ್ಪ ಮಾಡಿ, ದಿನಕ್ಕೆ ಮುಕ್ಕಾಲು ಗಂಟೆ, ವಾರದ ರಜೆಯಲ್ಲಿ ಮೂರು ಗಂಟೆ ಓದುವುದು ದೇಹಕ್ಕೂ ಹಿತ, ಜೇಬಿಗೂ ಹಿತ. ಗೃಹಿಣಿಯರ ವಿಷಯದಲ್ಲಿ ಮನೆಯವರ ಸಹಕಾರವೇ ದೊಡ್ಡ ವಿದ್ಯಾರ್ಥಿವೇತನ. ಸಂಜೆಯ ಅಡಿಗೆಯ ಭಾರವನ್ನು ಪರೀಕ್ಷೆಯ ತಿಂಗಳಾದರೂ ಉಳಿದವರು ಹಂಚಿಕೊಂಡರೆ ಪದವಿ ಮನೆಗೆ ಬರುತ್ತದೆ.

ಸಂಘಗಳು ಮಾಡಬಹುದಾದದ್ದು

ಪರನಾಡಿನ ಕನ್ನಡ ಸಂಘಗಳು ಈ ಕಾರ್ಯದಲ್ಲಿ ಅಲ್ಪ ವೆಚ್ಚದಲ್ಲಿ ದೊಡ್ಡ ಸೇವೆ ಸಲ್ಲಿಸಬಲ್ಲವು. ಜನವರಿ ಮತ್ತು ಜುಲೈ ತಿಂಗಳ ಪ್ರವೇಶದ ವೇಳೆಗೆ ಒಂದು ಭಾನುವಾರ ಕುಳಿತು ಅರ್ಜಿ ತುಂಬಿಸಿಕೊಡುವುದು, ಓದಿ ಮುಗಿಸಿದವರ ಪುಸ್ತಕಗಳನ್ನು ಸಂಗ್ರಹಿಸಿ ಹೊಸಬರಿಗೆ ನೀಡುವುದು, ಪರೀಕ್ಷಾ ಶುಲ್ಕಕ್ಕೆ ಬಡ್ಡಿರಹಿತ ಕೈಗಡ ಕೊಡುವ ಚಿಕ್ಕ ನಿಧಿಯೊಂದನ್ನು ಕಟ್ಟುವುದು, ಇವು ಯಾವ ಸಂಘಕ್ಕೂ ಅಸಾಧ್ಯವಲ್ಲ. ಐವತ್ತು ಕುಟುಂಬಗಳು ತಿಂಗಳಿಗೆ ತಲಾ 20 ರೂಪಾಯಿ ನೀಡಿದರೆ ವರ್ಷಕ್ಕೆ 12,000 ರೂಪಾಯಿ ಕೂಡುತ್ತದೆ. ಮರಳಿ ಬರುವ ಹಣವಾದುದರಿಂದ ನಿಧಿ ಕರಗದೆ ವರ್ಷ ವರ್ಷಕ್ಕೂ ಬೆಳೆಯುತ್ತದೆ.

ಹೊಟ್ಟೆಯ ಪಾಡಿಗಾಗಿ ಊರು ಬಿಟ್ಟವರು ಓದನ್ನೂ ಊರಿನಲ್ಲಿಯೇ ಬಿಟ್ಟು ಬಂದಂತಾಗಬಾರದು. ಮುಂದಿನ ಪ್ರವೇಶದ ಅವಧಿ ಬರುವುದರೊಳಗೆ ಪೆಟ್ಟಿಗೆಯ ತಳದಲ್ಲಿರುವ ಹಳೆಯ ಅಂಕಪಟ್ಟಿಯನ್ನು ಹೊರತೆಗೆದು, ಯಾವ ತರಗತಿಗೆ ಓದು ನಿಂತಿದೆಯೆಂದು ನೋಡಿಕೊಳ್ಳುವುದೇ ಮೊದಲ ಹೆಜ್ಜೆ. ಉಳಿದ ಹೆಜ್ಜೆಗಳಿಗೆ ದಾರಿಯೂ ಉಂಟು, ನೆರವೂ ಉಂಟು.