ವಿಮಾನದ ಎಂಜಿನ್: ಸುಳ್ಳು ಹೇಳುವ ಸೆನ್ಸರ್ ಸಿಕ್ಕಿಬೀಳುವ ಬಗೆ

1982ರ ಜನವರಿ 13ರಂದು ಅಮೆರಿಕದ ವಾಷಿಂಗ್ಟನ್‌ನಲ್ಲಿ ಹಿಮ ಸುರಿಯುತ್ತಿತ್ತು. ಏರ್ ಫ್ಲಾರಿಡಾ ಸಂಸ್ಥೆಯ ಬೋಯಿಂಗ್ 737 ವಿಮಾನವು ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಸೇತುವೆಯೊಂದಕ್ಕೆ ಅಪ್ಪಳಿಸಿ ಪೊಟೊಮ್ಯಾಕ್ ನದಿಗೆ ಬಿದ್ದಿತು. ಸೇತುವೆಯ ಮೇಲಿದ್ದ ನಾಲ್ವರೂ ಸೇರಿ 78 ಮಂದಿ ಮೃತಪಟ್ಟರು. ರೆಕ್ಕೆಗಳ ಮೇಲೆ ಹಿಮ ಕೂತಿತ್ತು. ಜತೆಗೆ, ಎಂಜಿನ್‌ನ ನೂಕುಬಲವನ್ನು ತಿಳಿಸಬೇಕಾದ ಮಾಪಕವೇ ಸುಳ್ಳು ಹೇಳುತ್ತಿತ್ತು.

ಎಂಜಿನ್‌ನಿಂದ ಹೊರಬೀಳುವ ಅನಿಲದ ಒತ್ತಡವನ್ನು ಒಳಸೇರುವ ಗಾಳಿಯ ಒತ್ತಡದೊಂದಿಗೆ ಹೋಲಿಸಿ ಆ ಮಾಪಕವು ನೂಕುಬಲವನ್ನು ಸೂಚಿಸುತ್ತದೆ. ಎಂಜಿನ್‌ನ ಹಿಮನಿರೋಧಕ ವ್ಯವಸ್ಥೆಯನ್ನು ಚಾಲೂ ಮಾಡಿರಲಿಲ್ಲವಾದ್ದರಿಂದ ಮುಂಭಾಗದ ಸೆನ್ಸರ್‌ಗಳ ಬಾಯಿ ಮಂಜುಗಡ್ಡೆಯಿಂದ ಮುಚ್ಚಿಹೋಗಿತ್ತು. ಮಾಪಕ 2.04 ಎಂದು ತೋರಿಸುತ್ತಿದ್ದಾಗ ನಿಜವಾದ ಅನುಪಾತ ಸುಮಾರು 1.70 ಮಾತ್ರವೇ ಆಗಿತ್ತು.

ಸೆನ್ಸರ್ ಪೂರ್ತಿ ಸತ್ತರೆ ಪತ್ತೆ ಮಾಡುವುದು ಸುಲಭ. ಎಂಜಿನ್‌ನ ಶಾಖವನ್ನು ಅಳೆಯುವ ಥರ್ಮೋಕಪಲ್ಲನ್ನೇ ನೋಡಿ. ಎರಡು ಬೇರೆ ಬೇರೆ ಲೋಹದ ತಂತಿಗಳ ಈ ಜೋಡಿ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 40 ಮೈಕ್ರೋವೋಲ್ಟ್‌ನಷ್ಟು ಅತ್ಯಲ್ಪ ವಿದ್ಯುತ್ತನ್ನು ಹುಟ್ಟಿಸುತ್ತದೆ. ಮಾಪಕವು ಅದೇ ತಂತಿಯಲ್ಲಿ ಅತಿ ಸಣ್ಣ ಪರೀಕ್ಷಾ ಪ್ರವಾಹವೊಂದನ್ನೂ ಹರಿಸುತ್ತಿರುತ್ತದೆ. ತಂತಿ ತುಂಡಾದರೆ ಆ ಪ್ರವಾಹಕ್ಕೆ ದಾರಿಯಿಲ್ಲದೆ ವೋಲ್ಟೇಜ್ ತಟ್ಟನೆ ಮೇಲೇರಿ, ಎಂಜಿನ್ ಎಂದೂ ಮುಟ್ಟಲಾರದ ಶಾಖವನ್ನು ಸೂಚಿಸುತ್ತದೆ. ಆಗ ಉಪಕರಣವು ಅಂಕಿಯನ್ನು ಅಳಿಸಿ, ದೋಷವಿದೆಯೆಂದು ತಿಳಿಸುತ್ತದೆ.

ತಂತಿಗಳು ದಾರಿಯಲ್ಲಿ ಒಂದಕ್ಕೊಂದು ತಗುಲಿದರೆ ಸಮಸ್ಯೆ ಸೂಕ್ಷ್ಮ. ಆಗ ತೋರುವುದು ಎಂಜಿನ್‌ನ ಶಾಖವಲ್ಲ, ತಗುಲಿದ ಜಾಗದ ಶಾಖ. ಆ ಅಂಕಿ ನಂಬುವಂತೆಯೇ ಇರಬಹುದು. ಆದ್ದರಿಂದ ಅಂಕಿ ಮಿತಿಯೊಳಗಿದೆಯೇ ಎಂಬುದರ ಜತೆಗೆ ಅದು ಬದಲಾದ ವೇಗವನ್ನೂ ಪರಿಶೀಲಿಸಲಾಗುತ್ತದೆ. ನೂರಾರು ಡಿಗ್ರಿ ಕಾದ ಲೋಹ ಕಣ್ಣೆವೆ ಮುಚ್ಚುವುದರೊಳಗೆ ತಣ್ಣಗಾಗದು.

ಇಂದಿನ ಜೆಟ್ ಎಂಜಿನ್‌ಗಳ ನಿಯಂತ್ರಣ ಕಂಪ್ಯೂಟರ್‌ನಲ್ಲಿ ಎರಡು ಸ್ವತಂತ್ರ ವಿಭಾಗಗಳಿರುತ್ತವೆ. ಮುಖ್ಯ ಸೆನ್ಸರ್‌ಗಳೂ ಜೋಡಿಯಾಗಿಯೇ ಇರುತ್ತವೆ. ಎರಡು ಅಂಕಿಗಳು ಹೊಂದದಿದ್ದರೆ, ಇತರ ಅಳತೆಗಳಿಂದ ಲೆಕ್ಕ ಹಾಕಿದ ಮೂರನೆಯ ಅಂಕಿ ಪಂಚಾಯಿತಿ ಮಾಡುತ್ತದೆ. ಅದಕ್ಕೆ ಹತ್ತಿರವಿರುವುದನ್ನು ಉಳಿಸಿಕೊಂಡು ಇನ್ನೊಂದನ್ನು ಕೈಬಿಡಲಾಗುತ್ತದೆ.

ಈ ಮೂರನೆಯ ಸಾಕ್ಷಿ ಏಕೆ ಬೇಕೆಂಬುದಕ್ಕೆ ವಾಷಿಂಗ್ಟನ್ ದುರಂತವೇ ಉತ್ತರ. ಅಲ್ಲಿ ಎರಡೂ ಎಂಜಿನ್‌ಗಳ ಸೆನ್ಸರ್‌ಗಳು ಒಂದೇ ಬಗೆಯಲ್ಲಿ ಹೆಪ್ಪುಗಟ್ಟಿ, ಒಂದೇ ಸುಳ್ಳನ್ನು ಹೇಳಿದ್ದವು. ಒಂದನ್ನು ಇನ್ನೊಂದರೊಂದಿಗೆ ಹೋಲಿಸಿದ್ದರೆ ಎಲ್ಲವೂ ಸರಿಯೆಂದೇ ಕಾಣುತ್ತಿತ್ತು. ಆದರೆ ಪಕ್ಕದಲ್ಲೇ ಇದ್ದ, ಎಂಜಿನ್ ತಿರುಗುವ ವೇಗದ ಮಾಪಕಗಳು ಕಡಿಮೆ ಅಂಕಿಯನ್ನು ತೋರಿಸುತ್ತಿದ್ದವು. ಸಹಚಾಲಕರು ಸಂಶಯ ವ್ಯಕ್ತಪಡಿಸಿದರೂ ಹಾರಾಟ ಮುಂದುವರಿಯಿತು.

ಒತ್ತಡದ ಅನುಪಾತವನ್ನು ಆಧರಿಸಿದ ಇಂದಿನ ಹಲವು ಎಂಜಿನ್‌ಗಳಲ್ಲಿ ಆ ಅಳತೆ ನಂಬಲರ್ಹವಲ್ಲವೆಂದು ಕಂಡುಬಂದರೆ ಕಂಪ್ಯೂಟರ್ ತಾನಾಗಿಯೇ ಫ್ಯಾನಿನ ವೇಗವನ್ನು ಆಧಾರವಾಗಿ ಹಿಡಿಯುತ್ತದೆ. ಅಂದು ಇಬ್ಬರು ಚಾಲಕರ ಗಮನಕ್ಕೆ ಬಿಟ್ಟಿದ್ದ ಹೋಲಿಕೆಯನ್ನು ಇಂದು ಯಂತ್ರವೇ ಬಿಡುವಿಲ್ಲದೆ ಮಾಡುತ್ತಿದೆ.