ಸುದ್ದಿ ನಿಜ, ಆದರೂ ಪ್ರಚಾರ!

ಸುದ್ದಿ ಪೂರ್ತಿ ನಿಜ.
ಆದರೂ ಅದು ಪ್ರಚಾರ ಆಗಬಹುದಾ?

1942ರ ಏಪ್ರಿಲ್.
ಜಪಾನ್ ದಾಳಿಯ ಭೀತಿ.
ಮದ್ರಾಸಿನ ಜನ ಗಂಟುಮೂಟೆ ಕಟ್ಟಿ ಊರು ಬಿಡ್ತಿದ್ದಾರೆ.
ನಗರದ ಉತ್ತರಕ್ಕೆ, ಕಡಲಿಗೆ ಅಂಟಿಕೊಂಡೇ ಇದೆ
ನಮ್ಮ ತಿರುವೊಟ್ಟಿಯೂರು.

ಆಗ ಲಂಡನ್ನಿನ ಬಿಬಿಸಿಯಲ್ಲಿ ಒಬ್ಬರು
ಭಾರತಕ್ಕಾಗಿ ಯುದ್ಧದ ಸುದ್ದಿ ಬರೀತಿದ್ರು.
ಅವರ ಬರಹ ತಮಿಳಿನಲ್ಲೂ ಪ್ರಸಾರ ಆಯ್ತು.
ಹುಟ್ಟಿದ್ದು ಬಿಹಾರದ ಮೋತಿಹಾರಿಯಲ್ಲಿ.
ಹೆಸರು, ಜಾರ್ಜ್ ಆರ್ವೆಲ್.

ಪ್ರತಿ ಸ್ಕ್ರಿಪ್ಟಿಗೂ ಎರಡು ಮುದ್ರೆ ಬೀಳಬೇಕು.
ಒಂದು, ಭದ್ರತೆಯದ್ದು.
ಇನ್ನೊಂದು, ನೀತಿಯದ್ದು.
ಆಮೇಲೇ ಮೈಕು.

ಆರ್ವೆಲ್‌ಗೆ ಇಬ್ಬಂದಿ.
ಹಿಟ್ಲರ್ ಸೋಲಬೇಕು, ನಿಜ.
ಆದರೆ ಭಾರತಕ್ಕೆ ಸ್ವಾತಂತ್ರ್ಯವೂ ಸಿಗಬೇಕು.
ಆಗಸ್ಟಿನಲ್ಲಿ ಗಾಂಧಿ, ನೆಹರೂ ಸೆರೆಯಾದ್ರು.
ಸೆರೆಗೆ ತಳ್ಳಿದ ಸರ್ಕಾರದ ಪರವಾಗಿ ಇವರು ಬರೀಬೇಕು!

ಮೀನು ಮಾರುಕಟ್ಟೆಯ ತಕ್ಕಡಿ ನೋಡಿದ್ದೀರಲ್ಲ?
ತೂಕದ ಕಲ್ಲು ಅಸಲಿ.
ತಕ್ಕಡಿ ಮಾತ್ರ ಒಂದು ಕಡೆ ವಾಲಿದೆ.
ಪ್ರಚಾರ ಅಂದ್ರೆ ಅದೇ.

1943ರಲ್ಲಿ ಆರ್ವೆಲ್ ರಾಜೀನಾಮೆ ಕೊಟ್ರು.
ಸುಳ್ಳು ಹೇಳಿಸಿದ್ರು ಅಂತಲ್ಲ.
ಈ ಕೆಲಸದಿಂದ ಫಲ ಇಲ್ಲ, ಸರ್ಕಾರದ ದುಡ್ಡು ದಂಡ ಅಂತ.

1949ರಲ್ಲಿ ಬಂತು ಅವರ ಕಾದಂಬರಿ,
‘ನೈಂಟೀನ್ ಎಯ್ಟಿ ಫೋರ್’.
ನಾಯಕ ವಿನ್‌ಸ್ಟನ್ ಸ್ಮಿತ್.
ಸತ್ಯದ ಸಚಿವಾಲಯದ ನೌಕರ.
ಹಳೇ ಪತ್ರಿಕೆ ತಿದ್ದೋದೇ ಅವನ ಕೆಲಸ.

ಚಾಕೊಲೇಟ್ ರೇಷನ್ 30 ಗ್ರಾಂನಿಂದ 20ಕ್ಕೆ ಇಳಿಯುತ್ತೆ.
ಮರುದಿನವೇ ಘೋಷಣೆ:
20ಕ್ಕೆ ಏರಿಸಿದ್ದಕ್ಕೆ ಜನರ ಕೃತಜ್ಞತೆ!
ಎಲ್ಲರೂ ನಂಬ್ತಾರೆ.
ತಿದ್ದಿದವನಿಗೆ ಮಾತ್ರ ನಿಜ ಗೊತ್ತು.
ಆದರೂ ಮರುದಿನ ಕೆಲಸಕ್ಕೆ ಹೋಗ್ತಾನೆ.

ನಿಮ್ಮ ಮೊಬೈಲಿಗೆ ಯುದ್ಧದ ವಿಡಿಯೊ ಬಂದಾಗ
‘ಇದು ನಿಜಾನಾ?’ ಅಂತ ಕೇಳಿ.
ಜೊತೆಗೆ ಇನ್ನೆರಡು ಪ್ರಶ್ನೆ:
ಯಾವುದನ್ನ ಬಿಟ್ಟಿದ್ದಾರೆ?
ಅದರಿಂದ ಯಾರಿಗೆ ಲಾಭ?