ಅಯಸ್ಕಾಂತವೂ ವಿದ್ಯುತ್ತೂ

ಕೆಲವು ವರ್ಷಗಳ ಹಿಂದೆ ತಿಪಟೂರಿನ ಸಂತೆಯಲ್ಲಿ ಒಬ್ಬ ವ್ಯಾಪಾರಿಯು ಅಂಗೈಯಗಲದ ಪೆಟ್ಟಿಗೆಯೊಂದನ್ನು ತೋರಿಸಿ, “ಇದರೊಳಗೆ ಅಯಸ್ಕಾಂತವಿದೆ, ಮೀಟರಿನ ತಂತಿಗೆ ಕಟ್ಟಿದರೆ ವಿದ್ಯುತ್ತು ಸರಾಗವಾಗಿ ಹರಿದು ಬಿಲ್ಲು ಅರ್ಧಕ್ಕೆ ಇಳಿಯುವುದು” ಎಂದು ಸಾರುತ್ತಿದ್ದನು. ಬಹುಕಾಲ ಮಕ್ಕಳಿಗೆ ಪಾಠ ಹೇಳಿದ ನಾವೂ ಆ ಮಾತಿಗೆ ಮರುಳಾಗಿ ಹಣ ತೆತ್ತೆವೆಂಬುದನ್ನು ವಾಚಕರ ಮುಂದೆ ಒಪ್ಪಿಕೊಳ್ಳುತ್ತೇವೆ. ಮೂರು ತಿಂಗಳು ಕಳೆದರೂ ಬಿಲ್ಲು ಇಳಿಯಲಿಲ್ಲ. ನಮ್ಮ ಮನೆಯವರು ನಕ್ಕು ಸುಮ್ಮನಾದರು. ನಮಗೆ ಮಾತ್ರ ಸುಮ್ಮನಿರಲಾಗಲಿಲ್ಲ. ವಿದ್ಯುತ್ತಿನ ಹರಿವನ್ನು ಮಾರ್ಪಡಿಸುವ ಶಕ್ತಿಯು ಅಯಸ್ಕಾಂತಕ್ಕೆ ಉಂಟೋ ಇಲ್ಲವೋ? ಇದನ್ನು ವಿಚಾರಿಸುತ್ತ ಹೋದಾಗ ದೊರೆತ ಸಂಗತಿಗಳನ್ನು ಇಲ್ಲಿ ನಿವೇದಿಸುತ್ತೇವೆ.

‘ಅಯಸ್’ ಎಂದರೆ ಕಬ್ಬಿಣ. ಅದಕ್ಕೆ ಪ್ರಿಯವಾದುದು ಅಯಸ್ಕಾಂತ. ಕಾಳಿದಾಸನು ಕುಮಾರಸಂಭವದಲ್ಲಿ ಇದನ್ನು ಉಪಮಾನವಾಗಿ ಬಳಸಿದ್ದಾನೆ. ಸೂಜಿಯು ಈ ಮಣಿಯ ಕಡೆಗೆ ಸರಿಯುವುದಕ್ಕೆ ಕಾರಣವು ‘ಅದೃಷ್ಟ’, ಎಂದರೆ ಕಾಣದುದು, ಎಂದು ವೈಶೇಷಿಕ ಸೂತ್ರಕಾರನಾದ ಕಣಾದನು ಹೇಳಿದನು. ಕಾಣದುದನ್ನು ಕಾಣದೆಂದೇ ಹೇಳುವ ಆ ಪ್ರಾಮಾಣಿಕತೆಯು ನಮ್ಮ ಸಂತೆಯ ವ್ಯಾಪಾರಿಯಲ್ಲಿ ಇರಲಿಲ್ಲ.

ವಿದ್ಯುತ್ಪ್ರವಾಹವು ದಿಕ್ಸೂಚಿಯ ಮುಳ್ಳನ್ನು ತಿರುಗಿಸುವುದೆಂಬುದನ್ನು 1820ರಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್ ಪಂಡಿತನು ತೋರಿಸಿಕೊಟ್ಟನು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಖ್ಯಾತನಾದ ವಿಲಿಯಂ ಥಾಮ್ಸನ್ನನು 1856ರಲ್ಲಿ ಕಬ್ಬಿಣವನ್ನೂ ನಿಕ್ಕಲನ್ನೂ ಕಾಂತಕ್ಷೇತ್ರದಲ್ಲಿಟ್ಟು, ವಿದ್ಯುತ್ತಿಗೆ ಅವು ಒಡ್ಡುವ ತಡೆಯು ತುಸು ಬದಲಾಗುವುದನ್ನು ಅಳೆದನು. ಆ ಬದಲಾವಣೆಯು ನೂರಕ್ಕೆ ಕೆಲವೇ ಪಾಲು. ಮನೆಯ ತಂತಿಯಲ್ಲಿರುವ ತಾಮ್ರದಲ್ಲಿಯಾದರೋ ಅದು ಮೀಟರಿಗೆ ತಿಳಿಯದಷ್ಟು ಅಲ್ಪ. ಅದೂ ತಡೆಯು ಹೆಚ್ಚುವುದೇ ಹೊರತು ಇಳಿಯುವುದಿಲ್ಲ. ಪೆಟ್ಟಿಗೆಯ ಬಂಡವಾಳವು ಇಲ್ಲಿಗೆ ಬಯಲಾಯಿತು.

ಆದರೆ ಕಥೆಯು ಇಲ್ಲಿಗೆ ಮುಗಿಯಲಿಲ್ಲ. ಶಾಖ, ಒತ್ತಡ, ಕಾಂತಶಕ್ತಿ ಮುಂತಾದುವು ಸೋಂಕಿದೊಡನೆ ತಮ್ಮ ಗುಣವನ್ನೇ ಮಾರ್ಪಡಿಸಿಕೊಳ್ಳುವ ವಸ್ತುಗಳು ಕೆಲವುಂಟು. ಇವನ್ನು ಚತುರದ್ರವ್ಯಗಳೆಂದು ಕರೆಯೋಣ. ಇಂಥ ಒಂದು ದ್ರವ್ಯಕ್ಕೆ ಮೂಲವಾದ ಮ್ಯಾಂಗನೀಸ್ ಲೋಹದ ಅದಿರು ನಮ್ಮ ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿಯೇ ಇದೆ. ಲ್ಯಾಂಥನಂ, ಮ್ಯಾಂಗನೀಸ್, ಆಮ್ಲಜನಕ ಇವು ಕೂಡಿದ ವಸ್ತುವಿನಲ್ಲಿ ಲ್ಯಾಂಥನಮ್ಮಿನ ಸುಮಾರು ಮೂರನೆಯ ಒಂದು ಪಾಲನ್ನು ತೆಗೆದು ಕ್ಯಾಲ್ಸಿಯಮ್ಮನ್ನು ಸೇರಿಸಿ, ಅಮೆರಿಕದ ಬೆಲ್ ಪ್ರಯೋಗಶಾಲೆಯವರು 1994ರಲ್ಲಿ ಒಂದು ತೆಳುಪದರವನ್ನು ಮಾಡಿದರು. ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿಯಲ್ಲಿ 6 ಟೆಸ್ಲಾ ಕಾಂತಕ್ಷೇತ್ರವನ್ನು ಒಡ್ಡಿದಾಗ ಅದರ ತಡೆಯು ಸಾವಿರ ಪಾಲಿಗೂ ಹೆಚ್ಚಾಗಿ ಕುಗ್ಗಿತು! ಆ ಕ್ಷೇತ್ರವು ಭೂಮಿಯ ಕಾಂತಕ್ಷೇತ್ರದ ಲಕ್ಷಪಟ್ಟಿಗೂ ಮಿಕ್ಕುದು.

ಇದು ಹೇಗೆ? ನಮ್ಮ ಮನೆಗಳಲ್ಲಿ ಕೊಬ್ಬರಿಗಾಗಿ ಕಾಯಿಗಳನ್ನು ಅಟ್ಟಕ್ಕೆ ಏರಿಸುವುದನ್ನು ವಾಚಕರು ನೆನೆಯಬಹುದು. ಸಾಲಾಗಿ ನಿಂತವರು ಕೈಯಿಂದ ಕೈಗೆ ಕಾಯಿ ದಾಟಿಸುವರು. ಎಲ್ಲರೂ ಒಂದೇ ಕಡೆಗೆ ಮುಖಮಾಡಿ ನಿಂತರೆ ಕೆಲಸವು ಓಡುವುದು. ಒಬ್ಬನು ಅತ್ತ, ಒಬ್ಬನು ಇತ್ತ ತಿರುಗಿದ್ದರೆ ಕಾಯಿಯು ನಡುವೆಯೇ ನಿಲ್ಲುವುದು. ಆ ವಸ್ತುವಿನಲ್ಲಿ ಮ್ಯಾಂಗನೀಸಿನ ಪರಮಾಣುಗಳೇ ಸಾಲಿನವರು; ಎಲೆಕ್ಟ್ರಾನೇ ಕಾಯಿ. ಪ್ರತಿಯೊಂದು ಪರಮಾಣುವೂ ಒಂದು ಕಿರಿಯ ಅಯಸ್ಕಾಂತ. ನೆರೆಹೊರೆಯ ಎರಡು ಒಂದೇ ದಿಕ್ಕಿಗೆ ಮುಖಮಾಡಿದ್ದರೆ ಎಲೆಕ್ಟ್ರಾನು ನಡುವಣ ಆಮ್ಲಜನಕದ ಮೂಲಕ ಸುಲಭವಾಗಿ ದಾಟುವುದು. ಶಾಖವು ಅವುಗಳ ಮುಖವನ್ನು ಚದರಿಸುವುದು. ಹೊರಗಿನ ಕಾಂತಕ್ಷೇತ್ರವು ಯಜಮಾನನ ಕೂಗಿನಂತೆ ಎಲ್ಲವನ್ನೂ ಒಂದೇ ಕಡೆಗೆ ತಿರುಗಿಸುವುದು. ಈ ದಾಟುವಿಕೆಯ ತತ್ತ್ವವನ್ನು ಝೀನರ್ ಎಂಬ ವಿಜ್ಞಾನಿಯು 1951ರಲ್ಲಿಯೇ ವಿವರಿಸಿದ್ದನು.

ಈ ಮ್ಯಾಂಗನೀಸ್ ದ್ರವ್ಯಗಳ ಅಭ್ಯಾಸದಲ್ಲಿ ಬೆಂಗಳೂರಿನ ಹೆಸರು ಲೋಕಕ್ಕೆಲ್ಲ ಪರಿಚಿತವಾಗಿದೆ. 1989ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದ ಸಿ. ಎನ್. ಆರ್. ರಾವ್ ಅವರು ಫ್ರಾನ್ಸಿನ ರಾವೋ ಅವರೊಡನೆ ಈ ವಿಷಯದ ಗ್ರಂಥವೊಂದನ್ನು 1998ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಬಲವಾದ ಕಾಂತಕ್ಷೇತ್ರವು ಬೇಕಾದುದರಿಂದ ಈ ದ್ರವ್ಯವು ಬಹುಮಟ್ಟಿಗೆ ಪ್ರಯೋಗಶಾಲೆಯಲ್ಲಿಯೇ ಉಳಿದಿದೆ. ಇದಕ್ಕೆ ದಾಯಾದಿಯಾದ ಇನ್ನೊಂದು ಪರಿಣಾಮವು ಬಳಕೆಗೆ ಬಂದಿತು. ಫೆರ್ಟ್, ಗ್ರುನ್‌ಬರ್ಗ್ ಎಂಬಿಬ್ಬರು 1988ರಲ್ಲಿ ಕಬ್ಬಿಣ, ಕ್ರೋಮಿಯಮ್ಮುಗಳ ಅತಿ ತೆಳುಪದರಗಳಲ್ಲಿ ಅದನ್ನು ಕಂಡರು. ಕಂಪ್ಯೂಟರಿನ ಡಿಸ್ಕಿನಲ್ಲಿ ಬರೆದುದನ್ನು ಓದಲು ಅದು ನೆರವಾಯಿತು. 2007ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕವು ಸಂದಿತು.

ಅದಿರಿನ ಲಾರಿಗಳ ಕೆಂಧೂಳು ತೆಂಗಿನ ಗರಿಗಳ ಮೇಲೆ ಕುಳಿತುದನ್ನು ಕಂಡವರು ನಾವು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ತುಮಕೂರು ಜಿಲ್ಲೆಯ ಗಣಿಗಳನ್ನು ನಿಲ್ಲಿಸಿದ್ದನ್ನೂ ಕಂಡೆವು. ಗುಡ್ಡವನ್ನು ಅಗೆದು ಟನ್ನಿನ ಲೆಕ್ಕದಲ್ಲಿ ಮಾರಿದವರಿಗೆ ಅದು ಬರಿಯ ಕಲ್ಲು. ಅದರ ಚಿಟಿಕೆಯಷ್ಟನ್ನು ಅಭ್ಯಾಸಮಾಡಿದವರಿಗೆ ಅದೇ ವಿದ್ಯೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಮಕ್ಕಳು ಎರಡನೆಯ ಬಗೆಯವರಾಗಲೆಂದು ನಮ್ಮ ಹಾರೈಕೆ. ತಾಯಂದಿರಾದರೋ ಇಂಥ ಪೆಟ್ಟಿಗೆಯನ್ನು ಯಾರಾದರೂ ತಂದರೆ, “ಯಾವ ವಸ್ತು, ಎಷ್ಟು ಬಲದ ಕಾಂತ, ಅಳೆದವರು ಯಾರು?” ಎಂಬ ಮೂರು ಪ್ರಶ್ನೆಗಳನ್ನು ಕೇಳಿ ಬಳಿಕ ಹಣದ ಚೀಲವನ್ನು ಬಿಚ್ಚಲಿ.

ನಮ್ಮ ಪೆಟ್ಟಿಗೆಯನ್ನು ಒಡೆದು ನೋಡಿದೆವು. ಒಳಗೆ ಹುಣಿಸೆಬೀಜದಷ್ಟು ಅಯಸ್ಕಾಂತವಿದ್ದಿತು. ಹೊಲಿಗೆಯ ಸೂಜಿಯು ನೆಲಕ್ಕೆ ಬಿದ್ದಾಗ ಮನೆಯವರು ಈಗ ಅದನ್ನೇ ಹಿಡಿದು ಹುಡುಕುತ್ತಾರೆ. ಕಣಾದನು ಕಂಡ ಆ ಕೆಲಸವನ್ನು ಅದು ತಪ್ಪದೆ ಮಾಡುತ್ತಿದೆ.